ಅಳತೆಯ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮನೆ, ಹೊಲ, ಕಣಗಳಲ್ಲಿ ಎದುರಾಗುವ ಅಳತೆಯ ಲೆಕ್ಕಗಳ ಬಗ್ಗೆ ಕೇಳಿ ಎಂದು ಹಿಂದಿನ ಸಂಚಿಕೆಯಲ್ಲಿ ತಿಳಿಸಿದ್ದೆವು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳನ್ನು ಓದಿದಾಗ, ಉದ್ದ, ಅಗಲ, ಎತ್ತರಗಳನ್ನು ಗುಣಿಸುವುದರಲ್ಲಿ ಯಾರೂ ತಪ್ಪಿಲ್ಲ ಎಂಬುದು ಗೊತ್ತಾಯಿತು. ಯಾವುದನ್ನು ಅಗಲವೆಂದು, ಯಾವುದನ್ನು ಎತ್ತರವೆಂದು ಹಿಡಿಯಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವಿದ್ದಾರೆ. ಆದ್ದರಿಂದ ಈ ಸಲದ ಉತ್ತರಗಳಲ್ಲಿ ಸೂತ್ರಕ್ಕಿಂತ ಟೇಪು ಹಿಡಿಯುವ ಜಾಗದ ಮಾತೇ ಹೆಚ್ಚಾಗಿದೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಒಂದು ನಿವೇಶನ ಕೊಳ್ಳುವವನಿದ್ದೇನೆ. ರಸ್ತೆಯ ಕಡೆ 30 ಅಡಿ, ಬಲಗಡೆ 40 ಅಡಿ, ಹಿಂದೆ 39 ಅಡಿ, ಎಡಗಡೆ 41 ಅಡಿ ಇದೆ. ಮಧ್ಯವರ್ತಿಯು ಎದುರುಬದುರಿನ ಅಳತೆಗಳನ್ನು ಕೂಡಿ ಅರ್ಧ ಮಾಡಿ, ಒಂದಕ್ಕೊಂದು ಗುಣಿಸಿ 1,397 ಚದರ ಅಡಿ ಎಂದಿದ್ದಾರೆ. ಚದರ ಅಡಿಗೆ 3,000 ರೂಪಾಯಿ ಮಾತಾಗಿದೆ. ಈ ಲೆಕ್ಕ ಸರಿಯೇ?

ಉತ್ತರ: ಸರಿಯಲ್ಲ, ಮತ್ತು ಅದರ ತಪ್ಪು ಯಾವಾಗಲೂ ಮಾರುವವರ ಕಡೆಗೇ ವಾಲುತ್ತದೆ. ಮಧ್ಯವರ್ತಿಗಳು ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ನಾನು ಹೇಳುವುದಿಲ್ಲ, ಏಕೆಂದರೆ ಈ ಸರಾಸರಿ ಲೆಕ್ಕವು ಬಹಳ ಹಳೆಯದು. ಕ್ರಿ.ಶ. 628ರಷ್ಟು ಹಿಂದೆಯೇ ಬ್ರಹ್ಮಗುಪ್ತನು ತನ್ನ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಎದುರುಬದುರು ಬಾಹುಗಳ ಮೊತ್ತದ ಅರ್ಧಗಳನ್ನು ಗುಣಿಸಿದರೆ ಬರುವುದು ಸ್ಥೂಲಫಲ (ಅಂದಾಜು ಉತ್ತರ) ಮಾತ್ರ ಎಂದು ಹೇಳಿ, ಸೂಕ್ಷ್ಮಫಲಕ್ಕೆ (ನಿಖರ ಉತ್ತರಕ್ಕೆ) ಬೇರೆಯದೇ ನಿಯಮವನ್ನು ಕೊಟ್ಟಿದ್ದಾನೆ. ನಮ್ಮಲ್ಲಿ ಸ್ಥೂಲವು ಉಳಿದುಕೊಂಡಿತು, ಸೂಕ್ಷ್ಮವು ಮರೆತುಹೋಯಿತು.

ತಪ್ಪು ಎಲ್ಲಿದೆ ಎಂಬುದನ್ನು ಕಾಣಲು ನುಲಿ ಸಡಿಲಗೊಂಡ ಹಳೆಯ ಹೊರಸನ್ನು ನೆನೆಸಿಕೊಳ್ಳಿ. ಅದರ ಒಂದು ಮೂಲೆಯನ್ನು ಹಿಡಿದು ಜಗ್ಗಿದರೆ ಇಡೀ ಚೌಕಟ್ಟು ಓರೆಯಾಗುತ್ತದೆ. ನಾಲ್ಕೂ ಪಟ್ಟಿಗಳ ಉದ್ದವು ಮೊದಲಿನಷ್ಟೇ ಇರುತ್ತದೆ, ಆದರೆ ಮಲಗುವ ಜಾಗವು ಕಡಿಮೆಯಾಗುತ್ತದೆ. ಇನ್ನೂ ಜಗ್ಗಿದರೆ ಎರಡು ಪಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಜಾಗವೇ ಉಳಿಯುವುದಿಲ್ಲ. ಅಂದ ಮೇಲೆ ನಾಲ್ಕು ಬದಿಗಳ ಅಳತೆಯೊಂದರಿಂದಲೇ ವಿಸ್ತೀರ್ಣವನ್ನು ಹೇಳಲು ಬರುವುದಿಲ್ಲ. ಮೂಲೆಗಳು ಎಷ್ಟು ತೆರೆದಿವೆ ಎಂಬುದೂ ತಿಳಿಯಬೇಕು, ಮತ್ತು ಅದನ್ನು ತಿಳಿಯಲು ಒಂದು ಮೂಲೆಯಿಂದ ಎದುರಿನ ಮೂಲೆಗೆ ಟೇಪು ಹಿಡಿದರೆ ಸಾಕು. ಗಾರೆಯವರು ಇದಕ್ಕೆ ಕ್ರಾಸ್ ಅಳತೆ ಎನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಕರ್ಣ ಎಂದಿರುತ್ತದೆ.

ನಿಮ್ಮ ನಿವೇಶನದಲ್ಲಿ ರಸ್ತೆಯ ಎಡಮೂಲೆಯಿಂದ ಹಿಂಬದಿಯ ಬಲಮೂಲೆಗೆ ಅಳೆದಾಗ 50 ಅಡಿ ಬಂದಿತೆಂದು ಇಟ್ಟುಕೊಳ್ಳೋಣ. ಆಗ ನಿವೇಶನವು ಎರಡು ತ್ರಿಕೋನಗಳಾಗಿ ಒಡೆಯುತ್ತದೆ. ಮೊದಲನೆಯದರ ಬಾಹುಗಳು 30, 40, 50 ಅಡಿ. ಇದು ಮೂರು, ನಾಲ್ಕು, ಐದರ ಲೆಕ್ಕ. ಪಾಯ ಹಾಕುವಾಗ ಮೇಸ್ತ್ರಿಯು ದಾರದ ಮೇಲೆ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ ನಡುವೆ 5 ಅಡಿ ಬಂದರೆ ಮೂಲೆ ಮಟ್ಟವಾಗಿದೆ ಎನ್ನುತ್ತಾನಲ್ಲ, ಅದೇ ತ್ರಿಕೋನ. ಮೂಲೆ ಮಟ್ಟವಾಗಿರುವುದರಿಂದ 30ನ್ನು 40ರಿಂದ ಗುಣಿಸಿ ಅರ್ಧ ಮಾಡಿದರೆ 600 ಚದರ ಅಡಿ. ಎರಡನೆಯದರ ಬಾಹುಗಳು 39, 41, 50 ಅಡಿ. ಇದರಲ್ಲಿ ಮಟ್ಟದ ಮೂಲೆ ಇಲ್ಲದಿರುವುದರಿಂದ ಮೂರೂ ಬಾಹುಗಳನ್ನು ಕೂಡಿ ಅರ್ಧ ಮಾಡಬೇಕು, 65 ಬರುತ್ತದೆ. ಈ 65ರಿಂದ ಒಂದೊಂದೇ ಬಾಹುವನ್ನು ಕಳೆದರೆ 26, 24, 15 ಸಿಗುತ್ತವೆ. 65, 26, 24, 15 ಈ ನಾಲ್ಕನ್ನೂ ಗುಣಿಸಿದರೆ 6,08,400. ಅದರ ವರ್ಗಮೂಲ 780. ಎರಡೂ ತ್ರಿಕೋನ ಸೇರಿ 1,380 ಚದರ ಅಡಿ. ಮಧ್ಯವರ್ತಿಯ 1,397.25ಕ್ಕೂ ಇದಕ್ಕೂ 17.25 ಚದರ ಅಡಿಯ ಅಂತರವಿದೆ, ನೀವು ಹೇಳಿದ ದರದಲ್ಲಿ ಅದು 51,750 ರೂಪಾಯಿ.

ಕರ್ಣವು 50ರ ಬದಲು 45 ಅಡಿ ಬಂದಿದ್ದರೆ, ನಾಲ್ಕೂ ಬದಿಗಳು ಅವೇ ಆಗಿದ್ದರೂ ವಿಸ್ತೀರ್ಣವು ಸುಮಾರು 1,331 ಚದರ ಅಡಿಗೆ ಇಳಿಯುತ್ತದೆ. ಇನ್ನೊಂದು ಸ್ವಾರಸ್ಯವೂ ಇದೆ. ಬ್ರಹ್ಮಗುಪ್ತನ ಸೂಕ್ಷ್ಮಫಲದ ನಿಯಮವು ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಬೀಳುವ ಚತುರ್ಭುಜಕ್ಕೆ ಸಲ್ಲುತ್ತದೆ, ಮತ್ತು ಕೊಟ್ಟ ನಾಲ್ಕು ಬದಿಗಳಿಂದ ಮಾಡಬಹುದಾದ ಅತಿ ದೊಡ್ಡ ವಿಸ್ತೀರ್ಣವೂ ಅದೇ. ನಿಮ್ಮ ನಾಲ್ಕು ಅಳತೆಗಳನ್ನು ಆ ನಿಯಮಕ್ಕೆ ಹಾಕಿದರೆ ಸುಮಾರು 1,388 ಚದರ ಅಡಿ ಬರುತ್ತದೆ. ಎಂದರೆ ಈ ನಾಲ್ಕು ಬದಿಗಳಿರುವ ನಿವೇಶನವನ್ನು ಯಾವ ರೀತಿ ಜಗ್ಗಿ ನಿಲ್ಲಿಸಿದರೂ ಅದು 1,397 ಚದರ ಅಡಿ ಆಗುವುದು ಸಾಧ್ಯವೇ ಇಲ್ಲ. ಮಾತುಕತೆಗೆ ಕೂರುವ ಮೊದಲು ಎರಡೂ ಕರ್ಣಗಳನ್ನು ಅಳೆದು ಬರೆದುಕೊಳ್ಳಿ. ಒಂದರಿಂದ ಲೆಕ್ಕ ಮಾಡಿ, ಇನ್ನೊಂದರಿಂದ ತಾಳೆ ನೋಡಿ.

ಪ್ರಶ್ನೆ: ಕೋಣೆಯ ನೆಲಕ್ಕೆ ಟೈಲ್ಸ್ ಹಾಕಿಸಲು ಅಳತೆ ಬರೆದುಕೊಟ್ಟೆ. ನಾನು ಮಾಡಿದ ಲೆಕ್ಕಕ್ಕೂ ಅಂಗಡಿಯವರ ಲೆಕ್ಕಕ್ಕೂ ಹೊಂದಲಿಲ್ಲ. ನನ್ನದು 9.6 ಗುಣಿಸು 11.3. (ಹರಿಹರದಿಂದ ಬಂದ ಪತ್ರ)

ಉತ್ತರ: ನೀವು ಬರೆದದ್ದು 9 ಅಡಿ 6 ಇಂಚು ಮತ್ತು 11 ಅಡಿ 3 ಇಂಚು ಎಂದಾದರೆ, ಕ್ಯಾಲ್ಕುಲೇಟರಿಗೆ ಅದು ತಿಳಿಯುವುದಿಲ್ಲ. ಅಡಿಗೆ 12 ಇಂಚು ಇರುವುದರಿಂದ 6 ಇಂಚು ಎಂದರೆ 0.5 ಅಡಿ, 3 ಇಂಚು ಎಂದರೆ 0.25 ಅಡಿ. ಆದ್ದರಿಂದ 9.5ನ್ನು 11.25ರಿಂದ ಗುಣಿಸಬೇಕು, 106.9 ಚದರ ಅಡಿ ಬರುತ್ತದೆ, ನಿಮ್ಮದು 108.5 ಆಗಿದೆ. ಇಲ್ಲಿ ಅಂತರ ಚಿಕ್ಕದು, ಆದರೆ 10 ಇಂಚನ್ನು .10 ಎಂದು ಬರೆದರೆ ಮುಕ್ಕಾಲು ಅಡಿಯೇ ಮಾಯವಾಗುತ್ತದೆ. ನಾನೂ ಒಮ್ಮೆ ನಮ್ಮ ಅಡುಗೆಮನೆಯ ಕಡಪಾಕಲ್ಲಿಗೆ 7 ಅಡಿ 10 ಇಂಚನ್ನು 7.10 ಎಂದು ಬರೆದುಕೊಟ್ಟು, ಗೋಡೆಗೆ ಮುಟ್ಟದ ಕಲ್ಲನ್ನು ಮನೆಗೆ ತಂದವನೇ.

ಪ್ರಶ್ನೆ: ಚಿತ್ರದುರ್ಗದ ನಮ್ಮ ಮನೆಗೆ ಸುಮಾರು 7,000 ಲೀಟರಿನ ಸಂಪು ಬೇಕೆಂದು 8 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಗುಂಡಿ ತೆಗೆಸಿದೆವು. ಈಗ 4,000 ಲೀಟರಿನ ಟ್ಯಾಂಕರ್ ತರಿಸಿದರೆ ಸಂಪು ತುಂಬಿ ನೀರು ಉಳಿಯುತ್ತದೆ. ಎಲ್ಲಿ ತಪ್ಪಾಯಿತು?

ಉತ್ತರ: ಟ್ಯಾಂಕರಿನವರು ನಿಮಗೆ ಮೋಸ ಮಾಡಿಲ್ಲ ಎಂಬುದಂತೂ ಗೊತ್ತಾಯಿತು. ಗುಂಡಿಯ ಘನಫಲ 8 × 6 × 5, ಎಂದರೆ 240 ಘನ ಅಡಿ; ಒಂದು ಘನ ಅಡಿಗೆ 28.3 ಲೀಟರಿನಂತೆ ಅದು ಸುಮಾರು 6,800 ಲೀಟರ್. ಆದರೆ ನೀರು ನಿಲ್ಲುವುದು ಗುಂಡಿಯಲ್ಲಲ್ಲ, ಗೋಡೆ ಕಟ್ಟಿದ ಮೇಲೆ ಒಳಗೆ ಉಳಿದ ಜಾಗದಲ್ಲಿ. ಸುತ್ತ 9 ಇಂಚಿನ ಗೋಡೆ ಬಂದರೆ ಉದ್ದದಲ್ಲಿಯೂ ಅಗಲದಲ್ಲಿಯೂ ಒಂದೂವರೆ ಅಡಿ ಹೋಗುತ್ತದೆ. ತಳಕ್ಕೆ 6 ಇಂಚು ಕಾಂಕ್ರೀಟು, ಮೇಲೆ ಬಾಲ್ ಕಾಕ್ ನೀರನ್ನು ನಿಲ್ಲಿಸುವ ಮಟ್ಟದವರೆಗೆ 3 ಇಂಚು ಬಿಟ್ಟರೆ ಆಳದಲ್ಲಿ ಮುಕ್ಕಾಲು ಅಡಿ ಹೋಗುತ್ತದೆ. ಉಳಿಯುವುದು 6.5 × 4.5 × 4.25, ಸುಮಾರು 124 ಘನ ಅಡಿ, ಎಂದರೆ 3,520 ಲೀಟರ್. ಮೂರೂ ಕಡೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿದ್ದರೂ ಗುಣಾಕಾರದಲ್ಲಿ ಹೆಚ್ಚುಕಡಿಮೆ ಅರ್ಧವೇ ಹೋಯಿತು.

ಕಟ್ಟಿಸುವವರು ಲೆಕ್ಕವನ್ನು ಹಿಂದಿನಿಂದ ಮಾಡಬೇಕು. 7,000 ಲೀಟರಿಗೆ ಸುಮಾರು 247 ಘನ ಅಡಿ ಬೇಕು. ನೀರಿನ ಆಳ 4.25 ಅಡಿ ಎಂದು ಹಿಡಿದರೆ ಒಳಗಿನ ತಳವು 58 ಚದರ ಅಡಿಗೆ ಕಡಿಮೆ ಇರಬಾರದು, ಅಂದರೆ 9 ಅಡಿಗೆ 6.5 ಅಡಿ. ಅದಕ್ಕೆ ಗೋಡೆ ಸೇರಿಸಿದರೆ ತೆಗೆಸಬೇಕಾದ ಗುಂಡಿ 10.5 ಅಡಿಗೆ 8 ಅಡಿ. ಅಗೆಯುವವರಿಗೆ ಹೊರಗಿನ ಅಳತೆ, ನೀರಿಗೆ ಒಳಗಿನ ಅಳತೆ.

ಪ್ರಶ್ನೆ: ಕಣದಲ್ಲಿ ರಾಶಿ ಹಾಕಿದ ಮೆಕ್ಕೆಜೋಳ ಎಷ್ಟು ಕ್ವಿಂಟಲ್ ಆಗಬಹುದೆಂದು ತೂಕಕ್ಕೆ ಹಾಕುವ ಮೊದಲೇ ಅಂದಾಜು ಮಾಡಬಹುದೇ? ಚೀಲ ಎಷ್ಟು ತರಬೇಕು, ಟ್ರ್ಯಾಕ್ಟರ್ ಎಷ್ಟು ಸಲ ಹೋಗಿಬರಬೇಕು ಎಂಬುದಕ್ಕಷ್ಟೇ ಬೇಕು. (ಜಗಳೂರು ತಾಲ್ಲೂಕಿನಿಂದ)

ಉತ್ತರ: ಧಾರಾಳವಾಗಿ ಮಾಡಬಹುದು. ಬಯಲಿನಲ್ಲಿ ಸುರಿದ ಕಾಳು ಶಂಕುವಿನ ಆಕಾರ ತಾಳುತ್ತದೆ. ರಾಶಿಯ ಒಳಗೆ ಟೇಪು ಹಾಕಿ ಅಡ್ಡಗಲವನ್ನು ಅಳೆಯಲಾಗದು, ಆದ್ದರಿಂದ ಬುಡದ ಸುತ್ತ ಹಗ್ಗ ಹಿಡಿದು ಸುತ್ತಳತೆಯನ್ನು ತೆಗೆದುಕೊಳ್ಳಬೇಕು. ಎತ್ತರಕ್ಕೆ ಒಂದು ತೆಳುವಾದ ಸಲಾಕೆಯನ್ನು ರಾಶಿಯ ತುದಿಯಿಂದ ನೆಟ್ಟಗೆ ನೆಲ ಮುಟ್ಟುವವರೆಗೆ ಇಳಿಸಿ, ತುದಿಯ ಮಟ್ಟದಲ್ಲಿ ಬೆರಳು ಹಿಡಿದು ಹೊರತೆಗೆದು ಅಳೆಯಬೇಕು. ಅನೇಕರು ಬುಡದಿಂದ ತುದಿಯವರೆಗೆ ಕಾಳಿನ ಇಳಿಜಾರಿನ ಮೇಲೆಯೇ ಟೇಪು ಎಳೆದು ಅದನ್ನು ಎತ್ತರ ಎನ್ನುತ್ತಾರೆ. ನಾನು ಕೊಡಲಿರುವ ಉದಾಹರಣೆಯ ರಾಶಿಯಲ್ಲಿ ಇಳಿಜಾರು ಹತ್ತೂವರೆ ಅಡಿ, ಎತ್ತರ ನಾಲ್ಕೂವರೆ ಅಡಿ. ಹಾಗೆ ಅಳೆದವರ ರಾಶಿ ಎರಡು ಪಟ್ಟಿಗಿಂತ ಹೆಚ್ಚು ಬೆಳೆಯುತ್ತದೆ, ಆದರೆ ಚೀಲಗಳು ಖಾಲಿ ಉಳಿಯುತ್ತವೆ.

ಸುತ್ತಳತೆ 60 ಅಡಿ, ಎತ್ತರ 4.5 ಅಡಿ ಎನ್ನೋಣ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಧಾನ್ಯದ ರಾಶಿಗೆಂದೇ ಒಂದು ಪ್ರಕರಣವಿದೆ. ಸುತ್ತಳತೆಯ ಆರನೆಯ ಒಂದು ಭಾಗದ ವರ್ಗವನ್ನು ಎತ್ತರದಿಂದ ಗುಣಿಸಬೇಕು ಎಂಬುದು ಅಲ್ಲಿನ ನಿಯಮ. 60ರ ಆರನೆಯ ಒಂದು ಭಾಗ 10, ಅದರ ವರ್ಗ 100, ಎತ್ತರ 4.5ರಿಂದ ಗುಣಿಸಿದರೆ 450 ಘನ ಅಡಿ. ಬಾಯಿಲೆಕ್ಕದಲ್ಲಿಯೇ ಮುಗಿಯುತ್ತದೆ. ಇಲ್ಲಿ ಪರಿಧಿಯು ವ್ಯಾಸದ ಮೂರು ಪಟ್ಟು ಎಂದು ಹಿಡಿದಿರುವುದರಿಂದ ಉತ್ತರವು ಸ್ವಲ್ಪ ಹೆಚ್ಚು ಬರುತ್ತದೆ. ನಿಖರವಾಗಿ ಬೇಕಾದರೆ ಸುತ್ತಳತೆಯ ವರ್ಗವನ್ನು ಎತ್ತರದಿಂದ ಗುಣಿಸಿ 37.7ರಿಂದ ಭಾಗಿಸಿ, 430 ಘನ ಅಡಿ ಸಿಗುತ್ತದೆ. ಒಣಗಿದ ಮೆಕ್ಕೆಜೋಳವು ಒಂದು ಘನ ಮೀಟರಿಗೆ ಸುಮಾರು 720 ಕಿಲೋ, ಎಂದರೆ ಘನ ಅಡಿಗೆ 20.4 ಕಿಲೋ ತೂಗುತ್ತದೆ. ಆ ಪ್ರಕಾರ ನಿಮ್ಮ ರಾಶಿ 87ರಿಂದ 88 ಕ್ವಿಂಟಲ್. ಹಳೆಯ ನಿಯಮವನ್ನೇ ಹಿಡಿದಿದ್ದರೆ 92 ಕ್ವಿಂಟಲ್ ಎನ್ನುತ್ತಿದ್ದೆವು. ಚೀಲ ತರುವುದಕ್ಕೆ ಎರಡೂ ನಡೆಯುತ್ತವೆ, ನಾಲ್ಕು ಚೀಲ ಮಿಕ್ಕರೆ ನಷ್ಟವೇನಿಲ್ಲ. ದುಡ್ಡಿನ ಮಾತಿಗೆ ಮಾತ್ರ ತೂಕದ ಯಂತ್ರವೇ ಆಗಬೇಕು. ತುದಿ ಮೊಂಡಾಗಿ ತಟ್ಟೆಯಂತಿದ್ದರೆ, ಅಥವಾ ಕಾಳು ಇನ್ನೂ ಹಸಿಯಾಗಿದ್ದರೆ ಈ ಅಂಕಿಗಳು ಬದಲಾಗುತ್ತವೆ.

ರಾಶಿಯನ್ನು ಗೋಡೆಗೆ ಒರಗಿಸಿ ಹಾಕಿದ್ದರೆ ಏನು ಮಾಡಬೇಕೆಂಬುದನ್ನೂ ಭಾಸ್ಕರಾಚಾರ್ಯರು ಬಿಟ್ಟಿಲ್ಲ. ಗೋಡೆಗೆ ಒರಗಿದ್ದು ಅರ್ಧ ಶಂಕು, ಆದ್ದರಿಂದ ಸಿಕ್ಕ ಸುತ್ತಳತೆಯನ್ನು ಎರಡರಿಂದ ಗುಣಿಸಿ ಪೂರ್ಣ ರಾಶಿಯ ಲೆಕ್ಕ ಮಾಡಿ, ಬಂದ ಘನಫಲವನ್ನು ಎರಡರಿಂದ ಭಾಗಿಸಬೇಕು. ಗೋದಾಮಿನ ಒಳಮೂಲೆಯಲ್ಲಿದ್ದರೆ ಎರಡರ ಬದಲು ನಾಲ್ಕು. ಎತ್ತರವನ್ನು ಅಳೆಯಲಾಗದಿದ್ದಾಗ ದಪ್ಪ ಧಾನ್ಯಕ್ಕೆ ಪರಿಧಿಯ ಹತ್ತನೆಯ ಒಂದು ಭಾಗ, ಸಣ್ಣ ಧಾನ್ಯಕ್ಕೆ ಹನ್ನೊಂದನೆಯ ಒಂದು ಭಾಗ ಎಂದೂ ಅವರು ಹೇಳುತ್ತಾರೆ. ಆದರೆ ಮೆಕ್ಕೆಜೋಳವು ಅಮೆರಿಕ ಖಂಡದಿಂದ ಬಂದ ಬೆಳೆ, ಅವರು ಅದನ್ನು ಕಂಡವರಲ್ಲ. ನುಣುಪಾದ ಒಣ ಕಾಳು ಹೆಚ್ಚು ಹರಡಿಕೊಳ್ಳುವುದರಿಂದ ಸಲಾಕೆಯನ್ನೇ ನಂಬುವುದು ಒಳ್ಳೆಯದು.

ಪ್ರಶ್ನೆ: ಹೊಲದಲ್ಲಿ ಕೃಷಿಹೊಂಡ ತೆಗೆಸಿದ್ದೇವೆ. ಮೇಲೆ 21 ಮೀಟರಿಗೆ 21 ಮೀಟರ್, ತಳದಲ್ಲಿ 15ಕ್ಕೆ 15, ಆಳ 3 ಮೀಟರ್. ಜೆಸಿಬಿಯವರು ಘನ ಮೀಟರಿನ ಲೆಕ್ಕದಲ್ಲಿ ಹಣ ಕೇಳುತ್ತಿದ್ದಾರೆ. ಎಷ್ಟು ಮಣ್ಣು ತೆಗೆದಂತಾಯಿತು? (ಹೊಳಲ್ಕೆರೆ)

ಉತ್ತರ: ಮೇಲಿನ ಅಳತೆಯನ್ನೇ ಹಿಡಿದು 21 × 21 × 3 ಎಂದರೆ 1,323 ಘನ ಮೀಟರ್ ಬರುತ್ತದೆ, ಆದರೆ ಬದಿಗಳು ಇಳಿಜಾರಾಗಿರುವುದರಿಂದ ಅಷ್ಟು ಮಣ್ಣು ಅಲ್ಲಿ ಇರಲೇ ಇಲ್ಲ. ಇದಕ್ಕೂ ಲೀಲಾವತಿಯ ನಿಯಮವೇ ಚೊಕ್ಕವಾಗಿದೆ. ಮೇಲಿನ ವಿಸ್ತೀರ್ಣ 441, ತಳದ ವಿಸ್ತೀರ್ಣ 225, ಮೇಲಿನ ಮತ್ತು ತಳದ ಬಾಹುಗಳನ್ನು ಕೂಡಿ ಬಂದ 36ಕ್ಕೆ 36ರ ವಿಸ್ತೀರ್ಣ 1,296. ಈ ಮೂರನ್ನೂ ಕೂಡಿದರೆ 1,962, ಆರರಿಂದ ಭಾಗಿಸಿದರೆ 327, ಆಳದಿಂದ ಗುಣಿಸಿದರೆ 981 ಘನ ಮೀಟರ್. ಇಂದಿನ ಎಂಜಿನಿಯರಿಂಗ್ ಪುಸ್ತಕದ ಸೂತ್ರವೂ ಇದಕ್ಕಿಂತ ಬೇರೆಯಲ್ಲ. ಅಂಚಿನವರೆಗೆ ತುಂಬಿದರೆ 9,81,000 ಲೀಟರ್ ನೀರು. ಹಣದ ಲೆಕ್ಕವನ್ನು ಹೊಂಡದ ಅಳತೆಯಿಂದಲೇ ಮಾಡಿ. ದಡದ ಮೇಲಿನ ಗುಡ್ಡೆಯಿಂದ ಮಾಡಿದರೆ ಅಗೆದು ಸಡಿಲಗೊಂಡ ಮಣ್ಣು ಉಬ್ಬಿಕೊಂಡಿರುವುದರಿಂದ ನಿಮಗೇ ನಷ್ಟ.

ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದರೆ ಒಂದು ಮಾತು. 21ಕ್ಕೆ 21ರ ಹಾಳೆ ಸಾಲುವುದಿಲ್ಲ. ಆಳ 3 ಮೀಟರ್, ಪ್ರತಿ ಬದಿಯು ಮೇಲಿನಿಂದ ತಳಕ್ಕೆ ಒಳಸರಿದಿರುವುದೂ ಅಷ್ಟೇ ಆಗಿರುವುದರಿಂದ ಇಳಿಜಾರಿನ ಉದ್ದ ಸುಮಾರು 4.25 ಮೀಟರ್, ತಳದ 15ಕ್ಕೆ ಎರಡೂ ಕಡೆಯ ಇಳಿಜಾರು ಸೇರಿ 23.5 ಮೀಟರ್, ಅಂಚಿನಲ್ಲಿ ಮಣ್ಣಿನಡಿ ಹುಗಿಯಲು ಎರಡೂ ಕಡೆ ಒಂದೊಂದು ಮೀಟರ್ ಸೇರಿಸಿದರೆ 25.5 ಮೀಟರ್ ಚೌಕದ ಹಾಳೆ ಬೇಕು. ರಾಶಿಯಲ್ಲಿ ಬೇಡವೆಂದ ಇಳಿಜಾರಿನ ಅಳತೆ ಇಲ್ಲಿ ಬೇಕಾಯಿತು ನೋಡಿ.

ಪ್ರಶ್ನೆ: ನಾನು ಹಿರಿಯೂರಿನ ಪ್ರೌಢಶಾಲೆಯ ವಿದ್ಯಾರ್ಥಿನಿ. ವಾಣಿವಿಲಾಸ ಸಾಗರದ ಸಾಮರ್ಥ್ಯ 30.42 ಟಿಎಂಸಿ ಎನ್ನುತ್ತಾರೆ. ಒಂದು ಟಿಎಂಸಿ ಎಂದರೆ ಎಷ್ಟು? 130 ಅಡಿಯ ಜಲಾಶಯದಲ್ಲಿ 65 ಅಡಿ ನೀರು ಬಂದರೆ ಅರ್ಧ ತುಂಬಿದಂತೆಯೇ?

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯಮ್ಮ. ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, ನಮ್ಮ ಎಣಿಕೆಯಲ್ಲಿ 100 ಕೋಟಿ ಘನ ಅಡಿ. ಉದ್ದ 1,000 ಅಡಿ, ಅಗಲ 1,000 ಅಡಿ, ಎತ್ತರ 1,000 ಅಡಿ ಇರುವ ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ ಅದರ ತುಂಬ ಹಿಡಿಯುವ ನೀರು ಸರಿಯಾಗಿ ಒಂದು ಟಿಎಂಸಿ. ಆ ನೀರನ್ನು ಹೊಲದ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲಿಸಿದರೆ ಸುಮಾರು 23,000 ಎಕರೆಗೆ ಹರಡುತ್ತದೆ, ಏಕೆಂದರೆ ಒಂದು ಎಕರೆ ಎಂದರೆ 43,560 ಚದರ ಅಡಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ನಿಮ್ಮೂರಿನ ಅಣೆಕಟ್ಟು ಇಂಥ ಮೂವತ್ತು ಪೆಟ್ಟಿಗೆಗಳಿಗಿಂತ ಸ್ವಲ್ಪ ಹೆಚ್ಚು ನೀರನ್ನು ಹಿಡಿಯುತ್ತದೆ.

65 ಅಡಿ ಬಂದರೆ ಅರ್ಧ ತುಂಬಿತು ಎನ್ನುವುದು ಸಂಪಿಗೆ ಸರಿ, ಕಣಿವೆಗೆ ಸರಿಯಲ್ಲ. ಸಂಪಿನ ಗೋಡೆಗಳು ನೆಟ್ಟಗಿರುತ್ತವೆ, ಕಣಿವೆಯು ಕೆಳಗೆ ಕಿರಿದಾಗಿದ್ದು ಮೇಲೆ ಹೋದಂತೆ ಅಗಲವಾಗುತ್ತದೆ. ಮನೆಯಲ್ಲಿ ಎಣ್ಣೆ ಸುರಿಯುವ ಆಲಿಕೆಯ ಕೊಳವೆಯನ್ನು ಬೆರಳಿನಿಂದ ಮುಚ್ಚಿ, ಅದರ ಅಗಲವಾದ ಭಾಗದಲ್ಲಿ ಅರ್ಧ ಎತ್ತರಕ್ಕೆ ಲೋಟದಿಂದ ನೀರು ಹಾಕು. ಆಮೇಲೆ ಅದೇ ಲೋಟದಿಂದ ಅಂಚಿನವರೆಗೆ ತುಂಬಿಸಿ ನೋಡು. ಸರಿಯಾದ ಶಂಕುವಿನಲ್ಲಿ ಅರ್ಧ ಎತ್ತರಕ್ಕೆ ಹಿಡಿಯುವುದು ಪೂರ್ತಿಯ ಎಂಟನೆಯ ಒಂದು ಭಾಗ ಮಾತ್ರ, ಏಕೆಂದರೆ ಎತ್ತರ ಅರ್ಧವಾದಾಗ ಉದ್ದವೂ ಅರ್ಧ, ಅಗಲವೂ ಅರ್ಧವಾಗುತ್ತದೆ. ಕಣಿವೆಯೊಂದು ಸರಿಯಾದ ಶಂಕುವಲ್ಲದ ಕಾರಣ ಅಲ್ಲಿ ಎಂಟನೆಯ ಒಂದು ಭಾಗವೇ ಇರುತ್ತದೆ ಎನ್ನಲಾಗದು, ಆದರೆ ಅರ್ಧಕ್ಕಿಂತ ಬಹಳ ಕಡಿಮೆ ಎಂಬುದು ಖಂಡಿತ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಕೊನೆಯ ಕೆಲವು ಅಡಿಗಳು ಏರುವುದು ಅಷ್ಟು ನಿಧಾನವೇಕೆ ಎಂಬುದಕ್ಕೆ ಮಳೆಯ ಜೊತೆಗೆ ಈ ಆಕಾರವೂ ಒಂದು ಕಾರಣ.

ಪತ್ರಿಕೆಯಲ್ಲಿ ಒಳಹರಿವು 5,000 ಕ್ಯೂಸೆಕ್ ಎಂದು ಬಂದ ದಿನ ನೀನೇ ಲೆಕ್ಕ ಮಾಡಬಹುದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು ಇರುವುದರಿಂದ 5,000 ಕ್ಯೂಸೆಕ್ ಇಡೀ ದಿನ ಹರಿದರೆ 43.2 ಕೋಟಿ ಘನ ಅಡಿ. ಹಾಗೆಯೇ ಹರಿಯುತ್ತಿದ್ದರೆ ಒಂದು ಟಿಎಂಸಿ ಸೇರಲು ಎರಡು ದಿನ ಏಳೂವರೆ ಗಂಟೆ ಬೇಕು.